ರಾಜಾ ರವಿವರ್ಮ (1848–1906): ತೈಲವರ್ಣವನ್ನು ನೋಡಿ ಕಲಿತ ಚಿತ್ರಕಾರ

ಕಲಾವಿದರಿಗೆ ಸಂಬಂಧಿಸಿದ ಸೇವೆಗಳಿಗಾಗಿ ಅರ್ಜಿ ಸಲ್ಲಿಸುವ ಸಾರ್ವಜನಿಕರ, ವಿಶೇಷವಾಗಿ ಚಿತ್ರಕಲೆಯನ್ನು ಅಭ್ಯಾಸ ಮಾಡುತ್ತಿರುವವರ ಮಾಹಿತಿಗಾಗಿ ಭಾರತದ ಪ್ರಸಿದ್ಧ ಚಿತ್ರಕಾರ ರಾಜಾ ರವಿವರ್ಮ ಅವರ ಜೀವನ ಪರಿಚಯವನ್ನು ಇಲ್ಲಿ ನೀಡಲಾಗಿದೆ. ರವಿವರ್ಮರ ಹೆಸರನ್ನು ಕೇಳದವರು ಕನ್ನಡ ನಾಡಿನಲ್ಲಿ ವಿರಳ. ಕಮಲದ ಮೇಲೆ ನಿಂತ ಲಕ್ಷ್ಮಿ ಹಾಗೂ ವೀಣೆ ಹಿಡಿದ ಸರಸ್ವತಿಯ ಅವರ ಚಿತ್ರಗಳು ಅನೇಕ ಮನೆಗಳ ದೇವರ ಕೋಣೆಯಲ್ಲಿ ತಲೆಮಾರುಗಳಿಂದ ಪೂಜೆಗೊಳ್ಳುತ್ತಿವೆ. ಆದರೆ ಆ ಚಿತ್ರಗಳ ಹಿಂದಿರುವ ತೈಲವರ್ಣದ ವಿದ್ಯೆಯನ್ನು ಅವರು ಯಾವ ಶಾಲೆಯಲ್ಲಿಯೂ ಕಲಿಯಲಿಲ್ಲ, ಅದನ್ನು ಬಲ್ಲವರು ಅವರಿಗೆ ಹೇಳಿಕೊಡಲು ಒಪ್ಪಲಿಲ್ಲ ಎಂಬ ಸಂಗತಿ ಅಷ್ಟಾಗಿ ಪ್ರಚಾರದಲ್ಲಿಲ್ಲ.

ಜನನ ಮತ್ತು ಬಾಲ್ಯ

ರವಿವರ್ಮರು 1848ರ ಏಪ್ರಿಲ್ 29ರಂದು ಅಂದಿನ ತಿರುವಾಂಕೂರು ಸಂಸ್ಥಾನಕ್ಕೆ ಸೇರಿದ ಕಿಳಿಮಾನೂರಿನಲ್ಲಿ ಜನಿಸಿದರು. ತಂದೆ ನೀಲಕಂಠನ್ ಭಟ್ಟತಿರಿಪ್ಪಾಡ್ ಅವರು ಸಂಸ್ಕೃತ ವಿದ್ವಾಂಸರು. ತಾಯಿ ಉಮಾಂಬಾ ಬಾಯಿ ಅವರು ಕವಯಿತ್ರಿ. ತಮ್ಮಂದಿರು ಗೋದವರ್ಮ ಮತ್ತು ರಾಜರಾಜವರ್ಮ, ತಂಗಿ ಮಂಗಳಾ ಬಾಯಿ. ಇವರಲ್ಲಿ ರಾಜರಾಜವರ್ಮ ಮತ್ತು ಮಂಗಳಾ ಬಾಯಿ ಅವರೂ ಮುಂದೆ ಚಿತ್ರಕಾರರಾದರು.

ರವಿವರ್ಮರು ಯಾವುದೇ ಸಂಸ್ಥಾನವನ್ನು ಆಳಿದ ಅರಸರಲ್ಲ. ಕಿಳಿಮಾನೂರಿನ ಮನೆತನವು ತಿರುವಾಂಕೂರಿನ ರಾಜಮನೆತನದೊಂದಿಗೆ ವಿವಾಹ ಸಂಬಂಧ ಹೊಂದಿದ್ದ ಮನೆತನವಾಗಿತ್ತು. 1904ರಲ್ಲಿ ಬ್ರಿಟಿಷ್ ಸರ್ಕಾರವು ಅವರಿಗೆ ಕೈಸರ್-ಎ-ಹಿಂದ್ ಪದಕವನ್ನು ನೀಡಿದಾಗ ಅವರ ಹೆಸರಿನ ಹಿಂದೆ ರಾಜಾ ಎಂಬ ಪದವು ಸೇರಿತು. ಜನರ ಬಾಯಲ್ಲಿ ಅದೇ ಉಳಿಯಿತು.

ಬಾಲಕ ರವಿವರ್ಮನು ಇದ್ದಿಲಿನಿಂದ ಮನೆಯ ಗೋಡೆಗಳ ಮೇಲೆ ಪ್ರಾಣಿಗಳ ಹಾಗೂ ನಿತ್ಯಜೀವನದ ಚಿತ್ರಗಳನ್ನು ಬರೆಯುತ್ತಿದ್ದನು. ಮನೆಯವರಿಗೆ ಇದು ಕಿರಿಕಿರಿಯಾದರೂ ಸೋದರಮಾವ ರಾಜರಾಜವರ್ಮರು ಇದನ್ನು ಬೇರೆಯೇ ಕಣ್ಣಿನಿಂದ ನೋಡಿದರು. ಅವರು ಸ್ವತಃ ತಂಜಾವೂರು ಶೈಲಿಯಲ್ಲಿ ಚಿತ್ರ ಬರೆಯುವವರಾಗಿದ್ದು, ಅಳಿಯನಿಗೆ ಮೊದಲ ಪಾಠಗಳನ್ನು ಅವರೇ ಹೇಳಿಕೊಟ್ಟರು. (ಇವರ ಹೆಸರೂ ರವಿವರ್ಮರ ತಮ್ಮನ ಹೆಸರೂ ಒಂದೇ ಆಗಿರುವುದರಿಂದ ಓದುಗರು ಗೊಂದಲಕ್ಕೆ ಒಳಗಾಗಬಾರದು.) 1862ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಮಾವನು ಅವರನ್ನು ತಿರುವನಂತಪುರಕ್ಕೆ ಕರೆದೊಯ್ದು ಮಹಾರಾಜ ಆಯಿಲ್ಯಂ ತಿರುನಾಳ್ ಅವರ ಸನ್ನಿಧಿಯಲ್ಲಿ ಪರಿಚಯಿಸಿದರು. ಮಹಾರಾಜರು ಹುಡುಗನ ಕೈಚಳಕವನ್ನು ಮೆಚ್ಚಿ ರಾಜಧಾನಿಯಲ್ಲಿಯೇ ಉಳಿದು ಅಭ್ಯಾಸ ಮಾಡಲು ಅನುಕೂಲ ಮಾಡಿಕೊಟ್ಟರು. ಅರಮನೆಯ ಚಿತ್ರಸಂಗ್ರಹವನ್ನೂ ಯುರೋಪಿನ ಚಿತ್ರಗಳಿದ್ದ ಪುಸ್ತಕಗಳನ್ನೂ ನೋಡುವ ಅವಕಾಶ ಅವರಿಗೆ ದೊರೆಯಿತು.

ತೈಲವರ್ಣದ ಕಲಿಕೆ

ದಕ್ಷಿಣ ಭಾರತದ ಸಾಂಪ್ರದಾಯಿಕ ಚಿತ್ರಕಾರರು ಮರದ ಹಲಗೆಯ ಮೇಲೆ ಬಟ್ಟೆ ಅಂಟಿಸಿ, ಅದರ ಮೇಲೆ ಸುಣ್ಣ ಮತ್ತು ಅಂಟಿನ ಮಿಶ್ರಣವನ್ನು ಬಳಿದು, ನೀರಿನಲ್ಲಿ ಕಲಸಿದ ಬಣ್ಣಗಳಿಂದ ಚಿತ್ರ ಬರೆಯುತ್ತಿದ್ದರು. ಆಭರಣ ಹಾಗೂ ಪ್ರಭಾವಳಿಗಳಿಗೆ ಉಬ್ಬುಗೆಲಸ ಮಾಡಿ ಚಿನ್ನದ ರೇಕನ್ನು ಅಂಟಿಸುತ್ತಿದ್ದರು. ಇಲ್ಲಿ ಬಣ್ಣವು ಬೇಗನೆ ಒಣಗುತ್ತದೆ. ಆದ್ದರಿಂದ ಒಂದು ಬಣ್ಣವು ಇನ್ನೊಂದರೊಳಗೆ ಮೆಲ್ಲನೆ ಕರಗುವಂತೆ ಮಾಡುವುದು ಕಷ್ಟ. ಆಕೃತಿಗೆ ಸ್ಪಷ್ಟ ರೂಪ ಕೊಡುವುದು ರೇಖೆಯೇ ಹೊರತು ನೆರಳಲ್ಲ.

ತೈಲವರ್ಣದ ಗುಣ ಇದಕ್ಕೆ ವಿರುದ್ಧವಾದುದು. ಬಣ್ಣದ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಅರೆದು ಸಿದ್ಧಪಡಿಸುವುದರಿಂದ ಅದು ಒಣಗಲು ದಿನಗಳೇ ಹಿಡಿಯುತ್ತವೆ. ಈ ಅವಧಿಯಲ್ಲಿ ಕೆನ್ನೆಯ ಬೆಳಕನ್ನು ಕುತ್ತಿಗೆಯ ನೆರಳಿನೊಳಗೆ ಗೆರೆ ಕಾಣದಂತೆ ಬೆರೆಸಬಹುದು, ತಪ್ಪಿದ್ದನ್ನು ಒರೆಸಿ ಮತ್ತೆ ಬರೆಯಬಹುದು. ಒಣಗಿದ ಪದರದ ಮೇಲೆ ತೆಳುವಾದ ಪಾರದರ್ಶಕ ಬಣ್ಣವನ್ನು ಹರಡಿ ಚರ್ಮದ ಕಾಂತಿಯನ್ನೂ ರೇಷ್ಮೆಯ ಹೊಳಪನ್ನೂ ತರಬಹುದು. ಆದರೆ ಇದಕ್ಕೊಂದು ಕ್ರಮವಿದೆ. ಟರ್ಪೆಂಟೈನ್ ಬೆರೆಸಿದ, ಎಣ್ಣೆ ಕಡಿಮೆ ಇರುವ ಬಣ್ಣ ಕೆಳಗಿರಬೇಕು; ಎಣ್ಣೆ ಹೆಚ್ಚಿರುವ ಬಣ್ಣ ಮೇಲಿರಬೇಕು. ಈ ಕ್ರಮ ತಪ್ಪಿದರೆ ಮೇಲಿನ ಪದರ ಮೊದಲು ಒಣಗಿ, ಕೆಳಗಿನದು ನಂತರ ಕುಗ್ಗಿ, ಚಿತ್ರವು ಕೆಲವು ವರ್ಷಗಳಲ್ಲಿ ಬಿರುಕು ಬಿಡುತ್ತದೆ. ಬರೆಯುವಾಗ ಕಣ್ಣಿಗೆ ಕಾಣದ ಇಂತಹ ವಿಷಯಗಳನ್ನು ಬಲ್ಲವರಿಂದ ಕೇಳಿಯೇ ತಿಳಿಯಬೇಕು. ರವಿವರ್ಮರಿಗೆ ಇಲ್ಲದೆ ಹೋದುದು ಅದೇ.

ಆ ಕಾಲದಲ್ಲಿ ತಿರುವಾಂಕೂರಿನಲ್ಲಿ ತೈಲವರ್ಣವನ್ನು ಬಲ್ಲವರು ಆಸ್ಥಾನ ಚಿತ್ರಕಾರರಾದ ರಾಮಸ್ವಾಮಿ ನಾಯ್ಡು ಅವರು. ಮುಂದೊಂದು ದಿನ ತನಗೇ ಪ್ರತಿಸ್ಪರ್ಧಿಯಾಗಬಹುದಾದ ಯುವಕನಿಗೆ ವಿದ್ಯೆ ಹೇಳಿಕೊಡಲು ಅವರು ಒಪ್ಪಲಿಲ್ಲ. ಆಸ್ಥಾನದ ಆಶ್ರಯವನ್ನೇ ನಂಬಿದ್ದ ಕಲಾವಿದರೊಬ್ಬರ ಈ ಅಂಜಿಕೆಯನ್ನು ಅರ್ಥಮಾಡಿಕೊಳ್ಳಬಹುದು. ನಾಯ್ಡು ಅವರ ಶಿಷ್ಯರಲ್ಲಿ ಒಬ್ಬರಾದ ಆರುಮುಖಂ ಪಿಳ್ಳೆ ಎಂಬುವರು ಗುರುವಿಗೆ ತಿಳಿಯದಂತೆ ರಾತ್ರಿಯ ವೇಳೆ ರವಿವರ್ಮರಲ್ಲಿಗೆ ಬಂದು ತಮಗೆ ತಿಳಿದಷ್ಟನ್ನು ತಿಳಿಸಿಕೊಟ್ಟರೆಂದು ಅವರ ಜೀವನ ಚರಿತ್ರೆಗಳು ದಾಖಲಿಸಿವೆ.

1868ರಲ್ಲಿ ಯುರೋಪಿನ ಭಾವಚಿತ್ರಕಾರ ಥಿಯೋಡರ್ ಜೆನ್ಸನ್ ಅವರು ಮಹಾರಾಜರ ಭಾವಚಿತ್ರ ಬರೆಯಲು ತಿರುವನಂತಪುರಕ್ಕೆ ಬಂದರು. ರವಿವರ್ಮರಿಗೆ ಕಲಿಸಬೇಕೆಂಬ ಕೋರಿಕೆಯನ್ನು ಅವರೂ ಪೂರ್ಣವಾಗಿ ಮನ್ನಿಸಲಿಲ್ಲ. ತಾವು ಕೆಲಸ ಮಾಡುವಾಗ ನೋಡುತ್ತಾ ನಿಲ್ಲಲು ಮಾತ್ರ ಅನುಮತಿ ದೊರೆಯಿತು. ಇಪ್ಪತ್ತು ವರ್ಷದ ರವಿವರ್ಮರು ನೋಡಿದರು. ಕ್ಯಾನ್ವಾಸಿನ ಮೇಲೆ ಮೊದಲು ಯಾವ ಬಣ್ಣ ಬೀಳುತ್ತದೆ, ಮುಖದ ಯಾವ ಭಾಗವನ್ನು ಕಡೆಗೆ ಉಳಿಸಲಾಗುತ್ತದೆ, ಅಗಲದ ಕುಂಚ ಎಲ್ಲಿ, ಮೊನಚು ಕುಂಚ ಎಲ್ಲಿ ಎಂಬುದೆಲ್ಲ ನೋಡುವವನಿಗೆ ಹಂತಹಂತವಾಗಿ ಕಾಣಸಿಗುವ ಸಂಗತಿಗಳು. ಉಳಿದುದನ್ನು ಅವರು ತಮ್ಮ ಕೊಠಡಿಯಲ್ಲಿ ಬರೆದು, ಕೆಡಿಸಿ, ಮತ್ತೆ ಬರೆದು ಕಂಡುಕೊಂಡರು. ಬಣ್ಣಗಳ ಮಿಶ್ರಣವನ್ನು ಹಾಗೂ ಎಣ್ಣೆಯ ಪ್ರಮಾಣವನ್ನು ಈ ರೀತಿ ಒಬ್ಬರೇ ಪರೀಕ್ಷಿಸಿ ತಿಳಿಯಲು ಹಲವು ವರ್ಷಗಳೇ ಬೇಕಾದವು.

ಈ ಮಧ್ಯೆ 1866ರಲ್ಲಿ ಮಾವೇಲಿಕರ ರಾಜಮನೆತನದ ಭಾಗೀರಥಿ ಅವರೊಂದಿಗೆ ಅವರ ವಿವಾಹವಾಗಿತ್ತು.

ಕೊಲ್ಲೂರು ಯಾತ್ರೆ ಮತ್ತು ಮೊದಲ ಸಂಭಾವನೆ

ಚಿತ್ರಕಲೆಯನ್ನೇ ಜೀವನೋಪಾಯವಾಗಿ ಕೈಗೊಳ್ಳುವುದು ಅಂದು ಅವರಂತಹ ಮನೆತನದವರಿಗೆ ವಾಡಿಕೆಯಲ್ಲಿರಲಿಲ್ಲ. ಹಣ ಪಡೆದು ಚಿತ್ರ ಬರೆಯುವುದು ಕುಶಲಕರ್ಮಿಗಳ ಕೆಲಸವೆಂಬ ಭಾವನೆ ಇತ್ತು. 1870ರಲ್ಲಿ ರವಿವರ್ಮರು ಇಂದಿನ ಉಡುಪಿ ಜಿಲ್ಲೆಯಲ್ಲಿರುವ ಕೊಲ್ಲೂರು ಮೂಕಾಂಬಿಕಾ ದೇವಾಲಯಕ್ಕೆ ಯಾತ್ರೆ ಕೈಗೊಂಡು, ಅಲ್ಲಿ 41 ದಿನಗಳ ವ್ರತವನ್ನು ಆಚರಿಸಿದರೆಂದು ಜೀವನ ಚರಿತ್ರೆಗಳಿಂದ ತಿಳಿದುಬರುತ್ತದೆ. ಹಿಂದಿರುಗುವ ದಾರಿಯಲ್ಲಿ ಕಲ್ಲಿಕೋಟೆಯಲ್ಲಿ ನ್ಯಾಯಾಧೀಶರೊಬ್ಬರ ಕುಟುಂಬದ ಭಾವಚಿತ್ರವನ್ನು ಸಂಭಾವನೆ ಪಡೆದು ಬರೆದುಕೊಟ್ಟರು. ಇದು ಅವರ ವೃತ್ತಿಜೀವನದ ಮೊದಲ ಹೆಜ್ಜೆ ಎನ್ನಲಾಗಿದೆ.

ಮುಂದಿನ ಮೂರು ವರ್ಷಗಳಲ್ಲಿಯೇ ಮನ್ನಣೆ ದೊರೆಯಿತು. ಮುಡಿಗೆ ಮಲ್ಲಿಗೆ ಮುಡಿದುಕೊಳ್ಳುತ್ತಿರುವ ನಾಯರ್ ಮಹಿಳೆಯ ಚಿತ್ರಕ್ಕೆ 1873ರಲ್ಲಿ ಮದರಾಸಿನ ಕಲಾ ಪ್ರದರ್ಶನದಲ್ಲಿ ಚಿನ್ನದ ಪದಕ ಬಂದಿತು. ಅದೇ ವರ್ಷ ವಿಯೆನ್ನಾದ ಅಂತರರಾಷ್ಟ್ರೀಯ ಪ್ರದರ್ಶನದಲ್ಲಿಯೂ ಆ ಚಿತ್ರವು ಬಹುಮಾನಕ್ಕೆ ಪಾತ್ರವಾಯಿತು. 1876ರಲ್ಲಿ ಮದರಾಸಿನಲ್ಲಿ ಪ್ರದರ್ಶನಗೊಂಡ, ಶಕುಂತಲೆಯು ದುಷ್ಯಂತನಿಗೆ ಪತ್ರ ಬರೆಯುವ ಚಿತ್ರವನ್ನು ಅಲ್ಲಿನ ಗವರ್ನರ್ ಆಗಿದ್ದ ಬಕಿಂಗ್‌ಹ್ಯಾಮ್ ಡ್ಯೂಕ್ ಅವರು ಖರೀದಿಸಿದರು. ಸಂಸ್ಕೃತ ವಿದ್ವಾಂಸ ಮೋನಿಯರ್ ವಿಲಿಯಮ್ಸ್ ಅವರು ತಮ್ಮ ಶಾಕುಂತಲದ ಇಂಗ್ಲಿಷ್ ಅನುವಾದದ ಮುಖಚಿತ್ರವಾಗಿ ಅದನ್ನು ಬಳಸಿಕೊಂಡರು.

ಕೆಲಸದ ವಿಧಾನ

ಅಭ್ಯಾಸಿಗಳಿಗೆ ಹೆಚ್ಚು ಉಪಯುಕ್ತವಾದುದು ರವಿವರ್ಮರು ಕೆಲಸ ಮಾಡುತ್ತಿದ್ದ ವಿಧಾನ. ಅವರು ಒಬ್ಬರೇ ಕೆಲಸ ಮಾಡಿದವರಲ್ಲ. ಹನ್ನೆರಡು ವರ್ಷ ಕಿರಿಯರಾದ ತಮ್ಮ ರಾಜರಾಜವರ್ಮರು ಬಹುಕಾಲ ಅವರ ಜೊತೆಗಿದ್ದು, ಪ್ರಯಾಣದ ವ್ಯವಸ್ಥೆ ಹಾಗೂ ಪತ್ರವ್ಯವಹಾರವನ್ನು ನೋಡಿಕೊಳ್ಳುತ್ತಿದ್ದರು. ಅವರು ಪ್ರಕೃತಿ ದೃಶ್ಯಗಳನ್ನು ಬರೆಯುವುದರಲ್ಲಿ ನಿಪುಣರು. ಅನೇಕ ಚಿತ್ರಗಳಲ್ಲಿ ಮುಂಭಾಗದ ಆಕೃತಿಗಳು ಅಣ್ಣನವು, ಹಿನ್ನೆಲೆಯ ಮರ, ಬೆಟ್ಟ, ನೀರು ಮತ್ತು ಆಕಾಶ ತಮ್ಮನವು. ರಾಜರಾಜವರ್ಮರು ಇಂಗ್ಲಿಷಿನಲ್ಲಿ ಬರೆದಿಟ್ಟ ದಿನಚರಿಯು ಇವರಿಬ್ಬರ ದೈನಂದಿನ ಕೆಲಸದ ಬಗ್ಗೆ ಅಮೂಲ್ಯವಾದ ದಾಖಲೆಯಾಗಿದೆ.

ಪುರಾಣದ ಪಾತ್ರಗಳಿಗೂ ಅವರು ಜೀವಂತ ಮಾದರಿಗಳನ್ನು ಕೂರಿಸಿಕೊಂಡು ಅಭ್ಯಾಸ ಚಿತ್ರ ಬರೆಯುತ್ತಿದ್ದರು; ಛಾಯಾಚಿತ್ರಗಳ ನೆರವನ್ನೂ ಪಡೆಯುತ್ತಿದ್ದರು. ಬೆಳಕು ಸಾಮಾನ್ಯವಾಗಿ ಒಂದೇ ಪಕ್ಕದಿಂದ ಬರುತ್ತದೆ. ಮುಖ, ತೋಳು ಮತ್ತು ಸೆರಗಿನ ಮಡಿಕೆಗಳು ಬೆಳಕಿಗೆ ಒಡ್ಡಿಕೊಂಡಿದ್ದು, ಉಳಿದ ಭಾಗ ನೆರಳಿಗೆ ಜಾರುತ್ತದೆ. ಕಥೆಯನ್ನು ಹೇಳಲು ಅವರು ದೇಹದ ಭಂಗಿಯನ್ನೇ ಬಳಸಿದರು. ಕಾಲಿನ ಮುಳ್ಳು ತೆಗೆಯುವ ನೆಪದಲ್ಲಿ ಹಿಂದಿರುಗಿ ದುಷ್ಯಂತನನ್ನು ನೋಡುವ ಶಕುಂತಲೆಯ ಚಿತ್ರವನ್ನು ಗಮನಿಸಬಹುದು. ಎತ್ತಿದ ಕಾಲು, ಸಖಿಯ ಹೆಗಲ ಮೇಲಿನ ಕೈ, ಹಿಂದಕ್ಕೆ ಹೊರಳಿದ ಕತ್ತು ಇವು ಮೂರು ಮೂರು ದಿಕ್ಕಿನಲ್ಲಿವೆ. ನೋಡುವವರ ಕಣ್ಣು ಅವುಗಳ ಗುಂಟ ಸಾಗಿ ಚಿತ್ರದಲ್ಲಿ ಇಲ್ಲದ ದುಷ್ಯಂತನತ್ತ ಹೋಗುತ್ತದೆ. ದುಷ್ಯಂತನನ್ನು ಬರೆಯದೆಯೇ ಅವನನ್ನು ತೋರಿಸಿದ ಈ ರಚನೆಯನ್ನು ರೇಖೆಯಲ್ಲಿ ನಕಲು ಮಾಡಿ ನೋಡುವುದು ಯಾವುದೇ ವಿದ್ಯಾರ್ಥಿಗೆ ಉತ್ತಮ ಅಭ್ಯಾಸವಾಗಬಲ್ಲದು.

1888ರಲ್ಲಿ ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರು ಪುರಾಣ ವಿಷಯಗಳ ಮೇಲೆ 14 ಚಿತ್ರಗಳನ್ನು ಬರೆದುಕೊಡಲು ಕೋರಿದರು. ದೇವತೆಗಳಿಗೆ ಯಾವ ಉಡುಪು ಎಂಬ ಪ್ರಶ್ನೆ ಆಗ ಎದುರಾಯಿತು. ದೇಶದ ಒಂದೊಂದು ಭಾಗದಲ್ಲಿಯೂ ಒಂದೊಂದು ಉಡುಪು. ಅಣ್ಣ ತಮ್ಮಂದಿರಿಬ್ಬರೂ ಉತ್ತರ ಭಾರತದ ಪ್ರವಾಸ ಕೈಗೊಂಡು ಹಳೆಯ ಶಿಲ್ಪಗಳನ್ನೂ ಜನರ ವೇಷಭೂಷಣಗಳನ್ನೂ ಪರಿಶೀಲಿಸಿದರು. ಎಲ್ಲೆಡೆ ಸಲ್ಲುವ ಪ್ರಾಚೀನ ಉಡುಪು ಯಾವುದೂ ಅವರಿಗೆ ದೊರೆಯಲಿಲ್ಲ. ಕಡೆಗೆ ಅವರು ಸೀರೆಯನ್ನು ಆರಿಸಿಕೊಂಡರು. ಕೇರಳದ ಚಿತ್ರಕಾರ ಬರೆದ ದೇವಿಯರು ಕೇರಳದ ಮುಂಡು ತೊಡದೆ ಸೀರೆಯುಟ್ಟು ಇಡೀ ದೇಶಕ್ಕೆ ಪರಿಚಿತರಾದುದು ಹೀಗೆ. ಈ ಚಿತ್ರಗಳು 1890ರಲ್ಲಿ ಪೂರ್ಣಗೊಂಡು, ತಿರುವನಂತಪುರ ಹಾಗೂ ಮುಂಬಯಿಗಳಲ್ಲಿ ಪ್ರದರ್ಶನಗೊಂಡಾಗ ಜನಸಾಗರವೇ ಸೇರಿತು. 1893ರಲ್ಲಿ ಅಮೆರಿಕದ ಚಿಕಾಗೋ ನಗರದಲ್ಲಿ ನಡೆದ ವಿಶ್ವ ಪ್ರದರ್ಶನಕ್ಕೆ ಅವರು ಭಾರತೀಯ ಸ್ತ್ರೀಯರ ಜೀವನವನ್ನು ಕುರಿತ 10 ಚಿತ್ರಗಳನ್ನು ಕಳುಹಿಸಿದರು. ಅಲ್ಲಿಯೂ ಪುರಸ್ಕಾರ ದೊರೆಯಿತು.

ಕಲ್ಲಚ್ಚಿನ ಮುದ್ರಣಾಲಯ

ಒಂದು ತೈಲಚಿತ್ರ ಒಂದೇ ಅರಮನೆಯಲ್ಲಿ ಇರಬಲ್ಲದು. ಹಿಂದೆ ತಿರುವಾಂಕೂರು ಮತ್ತು ಬರೋಡಗಳ ದಿವಾನರಾಗಿದ್ದ ಟಿ. ಮಾಧವರಾವ್ ಅವರು, ಆಯ್ದ ಕೆಲವು ಚಿತ್ರಗಳನ್ನು ಮುದ್ರಿಸಿ ಕಡಿಮೆ ಬೆಲೆಗೆ ಜನರಿಗೆ ಒದಗಿಸಬೇಕೆಂದು ರವಿವರ್ಮರಿಗೆ ಸಲಹೆ ನೀಡಿದ್ದರು. ಸುಮಾರು ಹತ್ತು ವರ್ಷಗಳ ನಂತರ, 1894ರಲ್ಲಿ, ಮುಂಬಯಿಯಲ್ಲಿ ಮುದ್ರಣಾಲಯ ಸ್ಥಾಪನೆಯಾಯಿತು. ಯಂತ್ರಗಳನ್ನೂ ತಂತ್ರಜ್ಞರನ್ನೂ ಜರ್ಮನಿಯಿಂದ ತರಿಸಲಾಯಿತು.

ಈ ಮುದ್ರಣದ ಕ್ರಮ ತಿಳಿದುಕೊಳ್ಳಲು ಯೋಗ್ಯವಾಗಿದೆ. ನುಣುಪಾದ ಸುಣ್ಣದ ಕಲ್ಲಿನ ಚಪ್ಪಡಿಯ ಮೇಲೆ ಜಿಡ್ಡಿನ ಮಸಿಯಿಂದ ಚಿತ್ರವನ್ನು ಕನ್ನಡಿಯಲ್ಲಿ ಕಾಣುವಂತೆ ಎಡಬಲ ಮಾಡಿ ಬರೆಯಲಾಗುತ್ತದೆ. ನಂತರ ಕಲ್ಲನ್ನು ಗೋಂದು ಮತ್ತು ದುರ್ಬಲ ಆಮ್ಲದಿಂದ ಸಂಸ್ಕರಿಸಿ ನೀರಿನಿಂದ ಒದ್ದೆ ಮಾಡಲಾಗುತ್ತದೆ. ಜಿಡ್ಡು ನೀರನ್ನು ದೂರ ತಳ್ಳುವುದರಿಂದ, ಮಸಿಯ ಉರುಳೆಯನ್ನು ಹಾಯಿಸಿದಾಗ ಚಿತ್ರವಿರುವಲ್ಲಿ ಮಾತ್ರ ಮಸಿ ಹಿಡಿಯುತ್ತದೆ. ಒಂದು ಕಲ್ಲಿಗೆ ಒಂದೇ ಬಣ್ಣ. ಒಂದು ಚಿತ್ರದಲ್ಲಿ ಎಷ್ಟು ಬಣ್ಣಗಳಿವೆಯೋ ಅಷ್ಟು ಕಲ್ಲುಗಳು. ಅದೇ ಕಾಗದ ಅಷ್ಟು ಸಲ ಯಂತ್ರದಲ್ಲಿ ಹಾಯಬೇಕು. ಕಾಗದ ಕೂದಲೆಳೆಯಷ್ಟು ಸರಿದರೂ ದೇವಿಯ ತುಟಿಯ ಕೆಂಪು ಗಲ್ಲದ ಮೇಲೆ ಬೀಳುತ್ತದೆ. ನಡುವಿನ ಛಾಯೆಗಳನ್ನು ಕುಂಚದಿಂದ ಬೆರೆಸಲು ಬರುವುದಿಲ್ಲವಾದ್ದರಿಂದ ಸಣ್ಣ ಸಣ್ಣ ಚುಕ್ಕೆಗಳಿಂದ ತೋರಿಸಬೇಕು. ಕೊನೆಯಲ್ಲಿ ವಾರ್ನಿಷ್ ಬಳಿದು ತೈಲಚಿತ್ರದ ಹೊಳಪನ್ನು ಕೊಡಲಾಗುತ್ತಿತ್ತು. ಓಲಿಯೋಗ್ರಾಫ್ ಎಂಬ ಹೆಸರು ಇದರಿಂದಲೇ ಬಂದುದು. ಶಕುಂತಲೆಯ ಜನನದ ಚಿತ್ರವು ಇಲ್ಲಿ ಅಚ್ಚಾದ ಮೊದಲನೆಯದು ಎನ್ನಲಾಗಿದೆ.

ದೇವಾಲಯದ ಒಳಗೆ ಪ್ರವೇಶವೇ ಇಲ್ಲದಿದ್ದ ಕೋಟ್ಯಂತರ ಜನರಿದ್ದ ಕಾಲ ಅದು. ಅಂಗಡಿಯಲ್ಲಿ ಕೊಂಡ ಕಾಗದದ ಲಕ್ಷ್ಮಿಯನ್ನು ಗೋಡೆಗೆ ತಗುಲಿಸಿ ಕೈಮುಗಿಯಲು ಯಾರ ಅನುಮತಿಯೂ ಬೇಕಿರಲಿಲ್ಲ. ಚಿತ್ರಗಳು ಕ್ಯಾಲೆಂಡರುಗಳ ಮೇಲೆ, ಬೆಂಕಿಪೆಟ್ಟಿಗೆಗಳ ಮೇಲೆ, ಬಟ್ಟೆಯ ಥಾನುಗಳ ಚೀಟಿಗಳ ಮೇಲೆ ಹರಡಿದವು. ಕೆಲವರು ಸೀರೆಯ ಭಾಗಕ್ಕೆ ಜರಿ ಮತ್ತು ಮಣಿಗಳನ್ನು ಹೊಲಿದು ಅಲಂಕರಿಸಿದರು.

ಆದರೆ ವ್ಯವಹಾರದ ದೃಷ್ಟಿಯಿಂದ ಮುದ್ರಣಾಲಯವು ಕೈ ಹಿಡಿಯಲಿಲ್ಲ. ಆಮದು ಯಂತ್ರಗಳಿಗೆ ದೊಡ್ಡ ಬಂಡವಾಳ, ವಿದೇಶಿ ತಂತ್ರಜ್ಞರ ಸಂಬಳ, ಪಾಲುದಾರಿಕೆಯ ತೊಡಕುಗಳು ಇವೆಲ್ಲದರ ನಡುವೆ ಮಾಲೀಕರಿಬ್ಬರೂ ಚಿತ್ರ ಬರೆಯಲು ಊರೂರು ತಿರುಗುತ್ತಿದ್ದರು. ಚಿತ್ರ ಎಷ್ಟು ಜನಪ್ರಿಯವಾದರೂ ಲೆಕ್ಕಪತ್ರವನ್ನು ದಿನವೂ ನೋಡುವವರಿಲ್ಲದ ಉದ್ಯಮ ನಿಲ್ಲುವುದು ಕಷ್ಟ. 1896ರಿಂದ ಮುಂಬಯಿಯಲ್ಲಿ ಪ್ಲೇಗ್ ಹರಡಿ ಕೆಲಸಗಾರರು ನಗರ ಬಿಟ್ಟರು. ಮುದ್ರಣಾಲಯವನ್ನು ಲೋಣಾವಳದ ಸಮೀಪದ ಮಳವಳಿ ಎಂಬಲ್ಲಿಗೆ ಸ್ಥಳಾಂತರಿಸಲಾಯಿತು. ಸಾಲ ಮಾತ್ರ ತೀರಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಅದನ್ನು ಅಲ್ಲಿಯೇ ಕೆಲಸಕ್ಕಿದ್ದ ಜರ್ಮನ್ ತಂತ್ರಜ್ಞ ಫ್ರಿಟ್ಜ್ ಷ್ಲೈಷರ್ ಅವರಿಗೆ, ಚಿತ್ರಗಳನ್ನು ಮುದ್ರಿಸುವ ಹಕ್ಕಿನ ಸಹಿತ ಮಾರಬೇಕಾಯಿತು. ಹೊಸ ಮಾಲೀಕರು ಜಾಹೀರಾತು ಹಾಗೂ ಚೀಟಿಗಳ ಮುದ್ರಣವನ್ನೂ ಕೈಗೊಂಡು ಅದನ್ನು ಲಾಭಕ್ಕೆ ತಂದರು. ಮುಂದೆ ಭಾರತೀಯ ಚಲನಚಿತ್ರದ ಪಿತಾಮಹರೆನಿಸಿದ ದಾದಾಸಾಹೇಬ್ ಫಾಲ್ಕೆ ಅವರೂ ಈ ಮುದ್ರಣಾಲಯಕ್ಕಾಗಿ ಕೆಲಸ ಮಾಡಿದ್ದರು ಎಂಬುದು ಗಮನಾರ್ಹ.

ಮೈಸೂರಿನ ನಂಟು ಮತ್ತು ಕೊನೆಯ ವರ್ಷಗಳು

ರವಿವರ್ಮರಿಗೆ ಮೈಸೂರು ಸಂಸ್ಥಾನದೊಂದಿಗೆ ದೀರ್ಘಕಾಲದ ಸಂಬಂಧವಿತ್ತು. 1885ರಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರ್ ಅವರ ಆಹ್ವಾನದ ಮೇರೆಗೆ ಮೈಸೂರಿಗೆ ಬಂದು ರಾಜಪರಿವಾರದ ಭಾವಚಿತ್ರಗಳನ್ನು ಬರೆದರು. ದೇಶದ ನಾನಾ ಪ್ರಾಂತ್ಯಗಳ ಹನ್ನೊಂದು ಮಂದಿ ಸ್ತ್ರೀಯರು ವಾದ್ಯಗಳೊಡನೆ ಕುಳಿತು ನಿಂತಿರುವ 1889ರ ಪ್ರಸಿದ್ಧ ಚಿತ್ರವು ಮೈಸೂರಿನ ಜಗನ್ಮೋಹನ ಅರಮನೆಯ ಸಂಗ್ರಹಕ್ಕೆ ಸೇರಿದೆ. ಒಂದೊಂದು ಪ್ರಾಂತ್ಯದ ಉಡುಪು, ಮೈಬಣ್ಣ, ಆಭರಣವನ್ನು ಬೇರೆಬೇರೆಯಾಗಿ ಬರೆದೂ ಒಂದೇ ಬೆಳಕಿನಲ್ಲಿ ಎಲ್ಲರನ್ನೂ ಕೂಡಿಸಿರುವುದು ಇದರ ವಿಶೇಷ.

ಜಗನ್ಮೋಹನ ಅರಮನೆಯ ಮತ್ತೊಂದು ಜನಪ್ರಿಯ ಚಿತ್ರವಾದ, ಕೈಯಲ್ಲಿ ದೀಪ ಹಿಡಿದ ಮಹಿಳೆಯ ಚಿತ್ರವನ್ನು ಅನೇಕ ವೀಕ್ಷಕರು ರವಿವರ್ಮರದೆಂದು ಭಾವಿಸುತ್ತಾರೆ. ಅದು ಎಸ್.ಎಲ್. ಹಳದಣಕರ್ ಅವರ ಕೃತಿ, ಮತ್ತು ತೈಲವರ್ಣದ್ದಲ್ಲ, ಜಲವರ್ಣದ್ದು. ಎರಡು ಮಾಧ್ಯಮಗಳ ವ್ಯತ್ಯಾಸವನ್ನು ಕಣ್ಣಾರೆ ತಿಳಿಯಲು ಇವೆರಡನ್ನೂ ಒಂದೇ ಭೇಟಿಯಲ್ಲಿ ಹೋಲಿಸಿ ನೋಡುವುದು ಉತ್ತಮ.

ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ ಮೈಸೂರಿಗಾಗಿ ಒಂಬತ್ತು ಪುರಾಣ ಚಿತ್ರಗಳನ್ನು ಬರೆಯುವ ಕಾರ್ಯ ಅವರಿಗೆ ಒಪ್ಪಿಸಲ್ಪಟ್ಟಿತು. ಅದು ಅವರ ಕೊನೆಯ ದೊಡ್ಡ ಕೆಲಸವಾಯಿತು. ಈ ಅವಧಿಯಲ್ಲಿ, 1905ರ ಜನವರಿಯಲ್ಲಿ, ರಾಜರಾಜವರ್ಮರು ತೀರಿಕೊಂಡರು. ತಮ್ಮನನ್ನು ಕಳೆದುಕೊಂಡ ರವಿವರ್ಮರಿಗೆ ಒಡಹುಟ್ಟಿದವನ ಜೊತೆಗೆ ಹಿನ್ನೆಲೆ ಬರೆಯುವ ಕೈಯೂ ಹೋದಂತಾಯಿತು. ಸ್ವತಃ ಮಧುಮೇಹದಿಂದ ಬಳಲುತ್ತಿದ್ದರೂ ಅವರು ಕೆಲಸ ನಿಲ್ಲಿಸಲಿಲ್ಲ. ಸಮುದ್ರರಾಜನ ಮೇಲೆ ಬಿಲ್ಲೆತ್ತಿ ನಿಂತ ಶ್ರೀರಾಮನ ಚಿತ್ರ ಈ ಗುಂಪಿಗೆ ಸೇರಿದ್ದು. ಅಲ್ಲಿನ ಮೋಡ, ಸಿಡಿಲು ಮತ್ತು ಅಲೆಗಳು ಕೇವಲ ಹಿನ್ನೆಲೆಯಾಗಿ ಉಳಿಯದೆ ರಾಮನ ಕೋಪದಲ್ಲಿ ಪಾಲುಗೊಂಡಂತಿವೆ. 1906ರ ಅಕ್ಟೋಬರ್ 2ರಂದು, 58ನೆಯ ವಯಸ್ಸಿನಲ್ಲಿ, ರವಿವರ್ಮರು ನಿಧನರಾದರು.

ಅವರ ನಂತರ ಬಂದ ವಿಮರ್ಶಕರಲ್ಲಿ ಹಲವರು, ಅವರಲ್ಲಿ ಆನಂದ ಕುಮಾರಸ್ವಾಮಿ ಅವರೂ ಒಬ್ಬರು, ಈ ಚಿತ್ರಗಳು ಪಾಶ್ಚಾತ್ಯ ಅನುಕರಣೆ ಹಾಗೂ ನಾಟಕೀಯತೆಯಿಂದ ಕೂಡಿವೆ ಎಂದು ಆಕ್ಷೇಪಿಸಿದರು. ಈ ಆಕ್ಷೇಪಣೆಯಲ್ಲಿ ಹುರುಳಿಲ್ಲವೆಂದು ಹೇಳಲಾಗದು; ಕೆಲವು ಪುರಾಣ ದೃಶ್ಯಗಳು ರಂಗಭೂಮಿಯ ಪರದೆಯ ಮುಂದೆ ನಿಂತಂತೆಯೇ ಕಾಣುತ್ತವೆ. ಆದರೆ ಭಾವಚಿತ್ರಗಳಿಗೆ ಈ ಮಾತು ಅಷ್ಟಾಗಿ ಅನ್ವಯಿಸದು.

1972ರ ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಅಧಿನಿಯಮದ ಮೇರೆಗೆ ಭಾರತ ಸರ್ಕಾರವು 1979ರಲ್ಲಿ ರವಿವರ್ಮರ ಕೃತಿಗಳನ್ನು ಕಲಾ ನಿಧಿಗಳೆಂದು ಘೋಷಿಸಿತು. ಅವರ ಮೂಲ ಚಿತ್ರಗಳನ್ನು ಹೊಂದಿರುವವರು ಅವುಗಳನ್ನು ಖಾಸಗಿಯಾಗಿ ಹೊರದೇಶಕ್ಕೆ ರಫ್ತು ಮಾಡುವಂತಿಲ್ಲ ಎಂಬುದನ್ನು ಗಮನಿಸತಕ್ಕದ್ದು.

ರವಿವರ್ಮರ ಪುತ್ರರಲ್ಲಿ ಒಬ್ಬರಾದ ರಾಮವರ್ಮ ಅವರೂ ಚಿತ್ರಕಾರರಾದರು. ತಂದೆಗೆ ದೊರೆಯದ ಕ್ರಮಬದ್ಧ ಶಿಕ್ಷಣವನ್ನು ಅವರು ಮುಂಬಯಿಯ ಜೆ.ಜೆ. ಕಲಾ ಶಾಲೆಯಲ್ಲಿ ಪಡೆದರು. ಬಳಿಕ 1915ರಲ್ಲಿ ಮಾವೇಲಿಕರದಲ್ಲಿ ತಂದೆಯ ಹೆಸರಿನಲ್ಲಿ ಒಂದು ಚಿತ್ರಕಲಾ ಶಾಲೆಯನ್ನು ತೆರೆದರು.